ಮಡಿಯಲ್ಲಿ ತಂದ ನೀರು

ತಮಿಳು ಸೀಮೆಯ ಪುರಸೈವಾಕ್ಕಂನ ಕನ್ನಡತಿ ವಿನೋದಾಗೆ ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದ ಸರ್ವೀಸು. ಆಸ್ಪತ್ರೆ ಕ್ಲೇಮುಗಳ ವಿಭಾಗ. ಊರಿನ ಅರ್ಧ ಜನರ ಕಾಯಿಲೆ ಅವಳಿಗೆ ಗೊತ್ತು, ಆದರೆ ಒಂದು ದಿನವೂ ಬಾಯಿಬಿಟ್ಟವಳಲ್ಲ. 2005ರಲ್ಲಿ ಮ್ಯಾನೇಜರರ ಬಾಗಿಲು ಸವೆಸಿ ಸವೆಸಿ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದಳು. ಕಾರಣ ಮಗಳು ಚಿನ್ಮಯಿ. ಹದಿನೇಳರ ಹುಡುಗಿಗೆ ಫಿಟ್ಸ್ ಬರುತ್ತಿತ್ತು. ಒಮ್ಮೆ ಉರಿಯುವ ಒಲೆಯ ಮುಂದೆಯೇ ಬಿದ್ದಿದ್ದಳು. ಗಂಡ ರೈಲ್ವೆಯಲ್ಲಿ, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಪುಣ್ಯ. ಮಗಳ ಫಿಟ್ಸಿನ ವಿಷಯ ಎದುರುಮನೆಯವರಿಗೂ ಗೊತ್ತಿರಲಿಲ್ಲ.

ಕಚೇರಿಯ ಕಂಪ್ಯೂಟರು ನೋಡಿಕೊಳ್ಳುವ ಪ್ರಮೋದ್ ವಿಪಿಎನ್ ಹಾಕಿಕೊಟ್ಟ. “ಇದೊಂದು ಸುರಂಗ ಮೇಡಂ. ಮನೆಯಿಂದ ಆಫೀಸಿನವರೆಗೂ ದಾರೀಲಿ ಯಾರೂ ಇಣುಕೋಕಾಗಲ್ಲ. ಆದ್ರೆ ಹೊರಗಿನ ಕಂಪ್ಯೂಟರ್‌ನಲ್ಲಿ ಮಾತ್ರ ತೆರೀಬೇಡಿ, ಪರ್ಮಿಷನ್ನೇ ಕ್ಯಾನ್ಸಲ್ ಆಗುತ್ತೆ.”

ಮೊದಲರ್ಧ ಮನಸ್ಸಿಗೆ ಹೋಯಿತು, ಉಳಿದದ್ದು ಗಾಳಿಗೆ. ಅಜ್ಜಿ ಒದ್ದೆ ಸೀರೆಯುಟ್ಟು, ಯಾರಿಂದಲೂ ಮುಟ್ಟಿಸಿಕೊಳ್ಳದೆ ಬಾವಿಯಿಂದ ತರುತ್ತಿದ್ದ ಮಡಿನೀರು ಅವಳ ನೆನಪಿಗೆ ಬಂತು. ಅದೇ ಇದು ಎಂದುಕೊಂಡಳು. ಅರ್ಧ ಕಲಿತವರ ಧೈರ್ಯ ಯಾವಾಗಲೂ ದೊಡ್ಡದು.

ನವೆಂಬರಿನ ಒಂದು ಶನಿವಾರ ಮಳೆಗೆ ಮನೆಯ ಫೋನ್ ಲೈನೂ ಅದರೊಂದಿಗೆ ಇಂಟರ್ನೆಟ್ಟೂ ಸತ್ತವು. ಮಧ್ಯಾಹ್ನದೊಳಗೆ ಸಾಕಮ್ಮ ಎಂಬವರ ಕ್ಲೇಮು ಮುಗಿಯಬೇಕು, ಆಸ್ಪತ್ರೆಯವರು ಕಾಯುತ್ತಿದ್ದರು. ಮಡಿಯಲ್ಲಿದ್ದರಾಯಿತು, ಎಲ್ಲಿ ಕೂತರೇನು ಎಂದು ವಿನೋದಾ ಮೂಲೆಯ ಬ್ರೌಸಿಂಗ್ ಸೆಂಟರಿಗೆ ಹೋಗಿ ಅಲ್ಲೇ ವಿಪಿಎನ್ ತೆರೆದಳು.

ನಡುವೆ ಪೆನ್ನು ಕೇಳಲು ಮಾಲೀಕನ ಮೇಜಿಗೆ ಹೋದವಳು ಪೆನ್ನಿನ ಮಾತೇ ಮರೆತಳು. ಅವನ ಪರದೆಯ ಮೇಲೆ ಎಲ್ಲ ಕಂಪ್ಯೂಟರುಗಳೂ ಪುಟ್ಟ ಪುಟ್ಟ ಚೌಕಗಳಾಗಿ ಕಾಣುತ್ತಿದ್ದವು. ಒಂದರಲ್ಲಿ ಸಾಕಮ್ಮನ ಹೆಸರು, ಪಕ್ಕದಲ್ಲಿ ಗರ್ಭಕೋಶದ ಕ್ಯಾನ್ಸರ್.

“ಎಲ್ಲಾಮೇ ರೆಕಾರ್ಡ್ ಆಗುಂ ಮೇಡಂ, ಟೈಪ್ ಪಣ್ಣದು ಕೂಡ,” ಎಂದ ಅವನು ತಮಿಳಿನಲ್ಲಿ, ಹೆಮ್ಮೆಯಿಂದ. ಟೈಪ್ ಮಾಡಿದ್ದೂ ದಾಖಲಾಗುತ್ತದೆ ಅಂದರೆ ಅವಳು ಒತ್ತಿದ ಪಾಸ್‌ವರ್ಡೂ ಅಲ್ಲೇ ಬಿದ್ದಿತ್ತು. ಅಳಿಸಪ್ಪಾ ಎಂದರೆ ಅಳಿಸುವುದು ಅವನಿಗೇ ಬರುತ್ತಿರಲಿಲ್ಲ! ನೀರೇನೋ ಮಡಿಯಲ್ಲೇ ಬಂದಿತ್ತು. ಇವಳು ಅದನ್ನು ಬೀದಿಯ ಕೊಡಕ್ಕೆ ಸುರಿದುಕೊಂಡಿದ್ದಳು.

ಮನೆಗೆ ಬಂದವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಆ ಪಾಸ್‌ವರ್ಡ್ ಕಚೇರಿಯವರೇ ಮುಚ್ಚಬೇಕು. ಹೇಳಿದರೆ ಅನುಮತಿ ಹೋಗುತ್ತದೆ, ಮಗಳು ಒಂಟಿಯಾಗುತ್ತಾಳೆ. ಹೇಳದಿದ್ದರೆ ಯಾರು ಬೇಕಾದರೂ ಒಳಗೆ ನುಗ್ಗಬಹುದು.

“ಯಾರುಕ್ಕುಮ್ಮಾ ತೆರಿಯುಂ? ವಿಡು,” ಎಂದಳು ಎಲ್ಲ ಕೇಳಿಸಿಕೊಂಡ ಚಿನ್ಮಯಿ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲೇ.

“ಯಾರಿಗೂ ಗೊತ್ತಾಗದೇ ಇರಬಹುದು. ಆದ್ರೆ ಆಫೀಸಿನ ಕಂಪ್ಯೂಟರ್‌ನಲ್ಲಿ ನಿನ್ನ ಆಸ್ಪತ್ರೆ ಫೈಲೂ ಇದೆ ಕಣೇ.”

ಹುಡುಗಿ ಎದ್ದು ಕೊಡೆ ತಂದುಕೊಟ್ಟಳು. ಕಾಲೇಜಿನಲ್ಲಿ ಗೆಳತಿಯರಿಗೂ ತಿಳಿಯದಂತೆ ಮಾತ್ರೆ ನುಂಗುವವಳು ಅವಳು. ವಿನೋದಾ ಕೊಡೆ ಹಿಡಿದು ಫೋನ್ ಬೂತಿಗೆ ಓಡಿದಳು.

“ಯಾಕೆ ಮೇಡಂ ನೀವಾಗೇ ಹೇಳ್ತೀರಿ?” ಎಂದು ಪ್ರಮೋದ್ ಪೇಚಾಡಿದ.

“ಮೊದ್ಲು ಆ ಪಾಸ್‌ವರ್ಡ್ ಮುಚ್ಚಪ್ಪಾ, ಆಮೇಲೆ ಮಾತಾಡೋಣ.”

ಅನುಮತಿ ಅಂದೇ ರದ್ದಾಯಿತು. ಸೋಮವಾರ ಬೆಳಿಗ್ಗೆ ವಿನೋದಾ ಎದುರುಮನೆಯ ಭೀಮಾಬಾಯಿಯ ಬಾಗಿಲಲ್ಲಿ ನಿಂತಳು. ಕಾಲೇಜಿನಿಂದ ಬಂದ ಮೇಲೆ ಮಗಳ ಕಡೆ ಕಣ್ಣಿಡಲು ಕೇಳಬೇಕು. ಕೇಳಬೇಕೆಂದರೆ ಕಾರಣ ಹೇಳಬೇಕು. ಇಷ್ಟು ವರ್ಷ ಮುಚ್ಚಿಟ್ಟ ಮಾತು ಬಿಟ್ಟು ಶನಿವಾರದ ಮಳೆಯ ಮಾತು ತೆಗೆದಳು.

ಹಿಂದಿನಿಂದ ಚಿನ್ಮಯಿ ಬಂದು ಅಮ್ಮನ ಕೈಹಿಡಿದಳು.

“ಆಂಟಿ, ನನಗೆ ಫಿಟ್ಸ್ ಬರುತ್ತೆ,” ಎಂದಳು, ತೊದಲುಗನ್ನಡದಲ್ಲಿ. “ನಾನೇ ಹೇಳ್ತೀನಿ, ಅಮ್ಮ ಹೇಳೋದು ಬೇಡ.”

ಮಗಳನ್ನು ಭೀಮಾಬಾಯಿಗೆ ಒಪ್ಪಿಸಿ ಹತ್ತಿದ ಆಫೀಸಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ವಿನೋದಾ ಕೂರಲಿಲ್ಲ, ಮನೆಯ ಬೀದಿ ಮರೆಯಾಗುವವರೆಗೂ ಹಿಂದಕ್ಕೇ ನೋಡುತ್ತಾ ನಿಂತಿದ್ದಳು.