ನೀಮುವಾರೆಲಿಸ್ ಎಂಬ ಹಳ್ಳ

ನನ್ನ ಹೆಂಡತಿ ಜಹೀರಾಬಾದಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಉಳಿದ ಹೊತ್ತಿನಲ್ಲಿ ಎಲ್ಫ್‌ಗಳ ಭಾಷೆ ಕಟ್ಟುತ್ತಾಳೆ. ಎರಡನೆಯದನ್ನು ನಾನು ಹೊರಗೆ ಹೇಳಿದ್ದು ಕಡಿಮೆ. ಹೇಳಿದಾಗಲೆಲ್ಲ ಜನ ಮೊದಲು ಎಲ್ಫ್ ಅಂದರೇನು ಎಂದು ಕೇಳಿದ್ದಾರೆ, ಆಮೇಲೆ ಅದರಿಂದ ಏನು ಉಪಯೋಗ ಎಂದು. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಥೆಗಳಲ್ಲಿ ಬರುವ, ಚೂಪು ಕಿವಿಯ, ಬಹುಕಾಲ ಬದುಕುವ, ಕಾಡು ನೀರುಗಳ ಬದಿಯಲ್ಲಿರುವ ಜನ. ಯಕ್ಷರು ಎನ್ನಬಹುದಲ್ಲ ಎಂದು ನಾನೇ ಒಮ್ಮೆ ಸೂಚಿಸಿದ್ದೆ. ಯಕ್ಷರಿಗೆ ಆಗಲೇ ಊರು, ರಾಜ, ಹೆಸರು ಎಲ್ಲ ಇವೆ, ತನಗೆ ಖಾಲಿ ನೆಲ ಬೇಕು ಎಂದಳು. ನಮ್ಮ ಅವ್ವ ಅವರನ್ನು ‘ಉದ್ದ ಕಿವಿ ಮಂದಿ’ ಎಂದು ಕರೆದು ಚರ್ಚೆ ಮುಗಿಸಿದಳು.

ಉಪಯೋಗದ ಪ್ರಶ್ನೆಗೆ ಉತ್ತರ ಅವಳ ಕಾದಂಬರಿ. ಎಲ್ಫ್‌ಗಳು ದೂರದಿಂದ ಬಂದು ಒಂದು ನಾಡಿನಲ್ಲಿ ನೆಲೆಸುತ್ತಾರೆ. ತಮಗಿಂತ ಮೊದಲು ಅಲ್ಲಿ ಯಾರೂ ಇರಲಿಲ್ಲ ಎಂದು ನಂಬಿಕೊಂಡಿರುತ್ತಾರೆ. ಅದು ನಿಜವಲ್ಲ ಎಂದು ಕೊನೆಯ ಅಧ್ಯಾಯದಲ್ಲಿ ಒಬ್ಬ ಹುಡುಗಿ ಕಂಡುಹಿಡಿಯುತ್ತಾಳೆ. ಕನ್ನಡದ ಕಾದಂಬರಿ, ಆದರೆ ಅದರ ಊರು, ಗುಡ್ಡ, ಹೊಲಗಳ ಹೆಸರೆಲ್ಲ ಎಲ್ಫ್ ಭಾಷೆಯವು.

ನಾನು ಕನ್ನಡ ಪತ್ರಿಕೆಯೊಂದಕ್ಕೆ ಗಡಿಯ ಈಚೆಗಿನ, ತೆಲುಗು ನಾಡಿನ ಬದಿಯ ಸುದ್ದಿ ಬರೆಯುವವನು. ಮೊದಲ ಕರಡನ್ನು ಸುದ್ದಿ ಓದುವ ಹಾಗೆಯೇ ಕೆಂಪು ಪೆನ್ನು ಹಿಡಿದು ಓದಿದೆ. ಹೆಸರುಗಳೆಲ್ಲ ಸಿಹಿಯಾಗಿದ್ದವು. ಮಿನುವೇಲ್, ಸುರೆಯಾಲ್, ಇಲಿಯೇಲ್. ಅವನ್ನು ಗಟ್ಟಿಯಾಗಿ ಓದುವಾಗ ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು.

“ಆ ಊರಾಗ ಇಲಿ ಭಾಳ ಅವೇನವಾ?” ಎಂದು ಸೊಸೆಯನ್ನು ಕೇಳಿದಳು.

ಇಲಿಯೇಲ್ ಆ ದಿನವೇ ಹೋಯಿತು. ನನ್ನ ಪ್ರಶ್ನೆಗಳು ಅವ್ವನ ಪ್ರಶ್ನೆಗಿಂತ ಕೆಟ್ಟವಾಗಿದ್ದವು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಯಾವುದೇ ಊರಿನ ವರದಿಗೆ ಕೇಳುವುದನ್ನೇ ನಾನು ಕೇಳಿದ್ದೆ: ಮಣ್ಣು ಯಾವುದು, ಏನು ಬೆಳೆಯುತ್ತದೆ, ಮಳೆ ಬಂದರೆ ನೀರು ಯಾವ ಕಡೆಗೆ ಹೋಗುತ್ತದೆ. ಅವಳ ಭಾಷೆಯಲ್ಲಿ ನಕ್ಷತ್ರಕ್ಕೆ ಆರೇಳು ಪದಗಳಿದ್ದವು. ನೆಲಕ್ಕೆ ಒಂದೇ ಒಂದು.

ಕೆಲವು ದಿನ ಕರಡು ಕಪಾಟಿನಲ್ಲಿ ಬಿದ್ದಿತ್ತು. ಬಿಟ್ಟಳೇನೋ ಎಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಕೊಹೀರಿಗೆ ಹೋಗೋಣ ಎಂದಳು. ಕೊಹೀರಿನಲ್ಲಿ ಏನಿದೆ ಎಂದು ಕೇಳಿದೆ. ಮಣ್ಣು ಎಂದಳು.

ಆ ವರ್ಷದ ರಜಾದಿನಗಳಲ್ಲಿ ನಾವು ತಿರುಗಿದ್ದು ಬಂಧುಗಳ ಮನೆಗಳಿಗಲ್ಲ. ಕೊಹೀರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ನಡೆದರೆ ಪೇರಲ ತೋಟಗಳ ಕೆಳಗೆ ಇಟ್ಟಂಗಿಯ ಬಣ್ಣದ ಕೆಂಪು ನೆಲ. ಅದು ಕಾಲಿಗೆ ಅಂಟುವುದಿಲ್ಲ, ಬಟ್ಟೆಯನ್ನು ಬಿಡುವುದಿಲ್ಲ. ಅದಕ್ಕೆ ‘ಸೆರು’ ಎಂದು ಹೆಸರಿಟ್ಟಳು. ತಾಂಡೂರಿನ ಕಲ್ಲಿನ ಗಣಿಗಳಲ್ಲಿ ಬಂಡೆ ಹಾಳೆ ಹಾಳೆಯಾಗಿ ಏಳುವುದನ್ನು ಬಹಳ ಹೊತ್ತು ನೋಡಿದಳು. ಅಂಥ ಪದರ ನೆಲ ‘ತಿತಿಲಿ’ ಆಯಿತು. ಪದದೊಳಗೇ ಒಂದರ ಮೇಲೊಂದು ಹಾಳೆ.

ಮನೂರಿನ ಕಡೆಯ ಕರಿಮಣ್ಣು ಅವಳನ್ನು ಹೆಚ್ಚು ಕಾಡಿತು. ಬೇಸಿಗೆಯಲ್ಲಿ ಆ ನೆಲ ಬಾಯಿ ಬಿಡುತ್ತದೆ, ಮಳೆ ಬಂದರೆ ಮುಚ್ಚಿಕೊಳ್ಳುತ್ತದೆ. ಹಾಗಾದರೆ ಒಂದೇ ಪದ ಸಾಲದು ಎಂದಳು. ಬೇಸಿಗೆಯ ಕರಿನೆಲಕ್ಕೆ ‘ಓಹಾ’, ಮಳೆಗಾಲದ ಕರಿನೆಲಕ್ಕೆ ‘ಓಹಮ್’. ನಾನು ಎರಡನ್ನೂ ಹೇಳಿ ನೋಡಿದೆ. ಮೊದಲನೆಯದನ್ನು ಹೇಳಿದರೆ ಬಾಯಿ ತೆರೆದೇ ಉಳಿಯುತ್ತದೆ, ಎರಡನೆಯದನ್ನು ಹೇಳಿದರೆ ತುಟಿಗಳು ಕೂಡುತ್ತವೆ. ತಿದ್ದಲು ಏನೂ ಇರಲಿಲ್ಲ.

ಹಳ್ಳ ಸಿಕ್ಕಿದ್ದು ಅದೇ ಮನೂರಿನ ದಾರಿಯಲ್ಲಿ. ನಾರಾಯಣಖೇಡದಿಂದ ಹೊರಟ ಶೇರ್ ಆಟೋ ಒಂದು ಸಣ್ಣ ಸೇತುವೆಯ ಬಳಿ ನಿಧಾನಿಸಿತು. ಡ್ರೈವರ್ ಹಿಂದೆ ತಿರುಗದೆ ನಿಲ್ದಾಣದ ಹೆಸರು ಕೂಗಿದ: ಹಳ್ಳವಾಗು ನಾಲಾ. ಇಬ್ಬರು ಹೆಂಗಸರು ಬುಟ್ಟಿ ಇಳಿಸಿಕೊಂಡು ಇಳಿದರು. ನನ್ನ ಹೆಂಡತಿ ನನ್ನ ತೋಳನ್ನು ಒತ್ತಿ ಹಿಡಿದಳು.

ನಾನು ಆ ಹೆಸರನ್ನು ಅದೆಷ್ಟೋ ಸಲ ಕೇಳಿದ್ದೆ, ಸುದ್ದಿಯಲ್ಲೂ ಬರೆದಿದ್ದೆ. ಹಳ್ಳ ಎಂಬುದು ನಮ್ಮ ಕನ್ನಡ. ವಾಗು ಎಂದರೆ ತೆಲುಗಿನಲ್ಲಿ ಹಳ್ಳ. ನಾಲಾ ಎಂದರೆ ನಮ್ಮ ಕಡೆಯ ಉರ್ದುವಿನಲ್ಲಿ ಹಳ್ಳ. ಮೊದಲು ಇದ್ದವರು ಅದನ್ನು ಹಳ್ಳ ಎಂದಿರಬೇಕು. ಆಮೇಲೆ ಬಂದವರು ‘ಹಳ್ಳ’ ಎಂಬುದನ್ನೇ ಅದರ ಹೆಸರು ಎಂದುಕೊಂಡು ತಮ್ಮ ಪದ ಸೇರಿಸಿದರು. ಅವರ ನಂತರದವರೂ ಹಾಗೆಯೇ ಮಾಡಿದರು. ಮೂರು ಭಾಷೆಯನ್ನೂ ಆಡುವ ನಾವು, ಒಂದೇ ಮಾತನ್ನು ಮೂರು ಸಲ ಹೇಳುತ್ತಿದ್ದೇವೆ ಎಂಬುದನ್ನು ಗಮನಿಸಿರಲಿಲ್ಲ.

ಆ ವಾರವೇ ಅವಳ ಕಾದಂಬರಿಯ ನದಿಗೆ ಹೊಸ ಹೆಸರು ಬಂತು: ನೀಮುವಾರೆಲಿಸ್. ಎಲ್ಲಕ್ಕಿಂತ ಹಳೆಯ ಜನರ ಭಾಷೆಯಲ್ಲಿ ನೀಮು ಎಂದರೆ ಹಳ್ಳ. ನಂತರದವರಲ್ಲಿ ವಾರೆ. ಎಲ್ಫ್‌ಗಳಲ್ಲಿ ಲಿಸ್. ಕೊನೆಯ ಅಧ್ಯಾಯದ ಹುಡುಗಿ ಈ ಹೆಸರನ್ನು ಬಿಡಿಸಿ ನೋಡಿಯೇ ತಮ್ಮವರಿಗಿಂತ ಮೊದಲು ಎರಡು ಜನಾಂಗಗಳು ಇಲ್ಲಿ ನೀರು ಕುಡಿದಿದ್ದವು ಎಂದು ತಿಳಿಯುತ್ತಾಳೆ. ಬೇರೆ ಯಾವ ಸಾಕ್ಷಿಯೂ ಅವಳಿಗಿಲ್ಲ.

ಪುನರುಕ್ತಿ ಎಂದರೆ ನನ್ನ ಪೆನ್ನು ತಾನಾಗಿ ಚಲಿಸುತ್ತದೆ. ನಾನು ‘ವಾರೆ’ಯ ಮೇಲೆ ಗೆರೆ ಎಳೆದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು.

“ಪೇಪರ್‌ನಾಗ ಹಳ್ಳವಾಗು ನಾಲಾ ಅಂತ ಬರದೀರಿ. ಆವಾಗ ಯಾಕ ಗೀರಲಿಲ್ರಿ?”

ಅದು ಹಳ್ಳದ ನಿಜವಾದ ಹೆಸರು ಎಂದೆ. ಇದೂ ಹೌದು ಎಂದಳು.

ಪುಸ್ತಕ ಮುಗಿದ ಮೇಲೆ ಹಲವು ಪ್ರಕಾಶಕರಿಗೆ ಕಳಿಸಿದಳು. ಕೆಲವರು ಬೇಡ ಎಂದರು, ಉಳಿದವರು ಅದನ್ನೂ ಹೇಳಲಿಲ್ಲ. ಕೊನೆಗೆ ಒಬ್ಬ ಸಂಪಾದಕಿ ಫೋನ್ ಮಾಡಿ, ಕಥೆ ತಮಗೆ ಹಿಡಿಸಿದೆ ಎಂದರು. ಆದರೆ ಹೆಸರುಗಳು ತಿಳಿಯಾಗಬೇಕಂತೆ. ನೀಮುವಾರೆಲಿಸ್ ಓದಲು ತೊಡಕು, ಅದೂ ಹಳ್ಳ ಹಳ್ಳ ಹಳ್ಳ ಎಂದರೆ ಓದುಗರು ಲೇಖಕಿಯ ತಪ್ಪು ಎಂದುಕೊಳ್ಳುತ್ತಾರೆ. ‘ಸ್ವರ್ಣವಾಹಿನಿ’ ಎಂದಿಟ್ಟರೆ ಹೇಗೆ ಎಂದು ಕೇಳಿದರು. ಯೋಚಿಸಿ ತಿಳಿಸಿ, ಅದೊಂದು ಬದಲಾದರೆ ಅಚ್ಚಿಗೆ ಕಳಿಸುತ್ತೇವೆ ಎಂದರು.

ನಲವತ್ತು ದಾಟಿದವಳ ಮೊದಲ ಪುಸ್ತಕ. ಹೌದು ಎಂದವರು ಇವರೊಬ್ಬರೇ. ಒಂದು ಹೆಸರಿಗಾಗಿ ಇದನ್ನೂ ಕಳೆದುಕೊಳ್ಳಬೇಡ ಎಂದು ನಾನು ಹೇಳಿದೆ. ಅದು ನನ್ನ ಪ್ರಾಮಾಣಿಕ ಅಭಿಪ್ರಾಯವೇ ಆಗಿತ್ತು. ಅವಳು ರೊಟ್ಟಿ ತಟ್ಟುತ್ತಲೇ, ಹೆಸರು ಹೋದರೆ ಆ ಹುಡುಗಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ, ಆಮೇಲೆ ಪುಸ್ತಕ ಯಾತಕ್ಕೆ ಎಂದಳು. ಫೋನ್ ಮಾತ್ರ ಮಾಡಲಿಲ್ಲ. ಯಾವಾಗ ಮಾಡುತ್ತೀ ಎಂದರೆ, ಶನಿವಾರ ಶಾಲೆ ಬಿಟ್ಟ ಮೇಲೆ ಎಂದಳು.

ಶನಿವಾರ ಜಹೀರಾಬಾದಿನಿಂದ ನಾರಾಯಣಖೇಡದ ಬಸ್ಸು ಹತ್ತಿದೆವು. ಅಲ್ಲಿಂದ ಮನೂರಿನ ಆಟೋ. ಆಗ ನನಗೆ ಅವಳ ಲೆಕ್ಕ ತಿಳಿಯಿತು. ಸೇತುವೆ ಇನ್ನೂ ದೂರವಿರುವಾಗಲೇ ಅವಳು ಸಂಪಾದಕಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಅವರು ಬಹಳ ಗದ್ದಲ ಕೇಳಿಸುತ್ತಿದೆ, ಆಮೇಲೆ ಮಾತಾಡೋಣವೇ ಎಂದರು. ಬೇಡ, ಸ್ವಲ್ಪ ಹಿಡಿದಿರಿ ಎಂದಳು. ಡ್ರೈವರ್ ಬ್ರೇಕ್ ಒತ್ತಿದ.

“ಹಳ್ಳವಾಗ್ ನಾಲಾ, ಹಳ್ಳವಾಗ್ ನಾಲಾ. ಇಳಿಯೋರು ಲಗೂ ಇಳೀರಿ.”

“ಏನಂದರು ಅವರು?” ಎಂದು ಸಂಪಾದಕಿ ಕೇಳಿದರು.

“ಸ್ಟಾಪಿನ ಹೆಸರ್ರಿ ಮೇಡಂ. ಹಳ್ಳ ನಿಮಗ ಗೊತ್ತು. ವಾಗು ಅಂದ್ರ ತೆಲುಗಿನಾಗ ಹಳ್ಳ. ನಾಲಾ ಅಂದ್ರ ಉರ್ದುದಾಗ ಹಳ್ಳ. ಇಲ್ಲಿ ಯಾರೂ ಇದಕ್ಕ ತಪ್ಪು ಅನ್ನಂಗಿಲ್ರಿ. ರೊಕ್ಕ ಕೊಟ್ಟು ಇಳೀತಾರ.”

ನಾವೂ ಇಳಿದೆವು. ರೊಕ್ಕ ಎಣಿಸುತ್ತಿದ್ದ ಡ್ರೈವರಿಗೆ ಕುತೂಹಲ.

“ಯಾರ ಜೋಡಿ ಜಗಳ್ರಿ ಅಕ್ಕಾರ?”

“ಜಗಳ ಅಲ್ಲೋ. ಹಳ್ಳ ಉಳಸಾಕತ್ತೀನಿ.”

“ನೀರು ಎಲ್ಲೈತ್ರಿ ಅದರಾಗ? ಹೆಸರೊಂದೇ ಉಳದದ.”

“ಅದ ಸಾಕು,” ಎಂದಳು.

ಇದೂ ಫೋನಿನಲ್ಲಿ ಕೇಳಿಸಿತ್ತು. ಸಂಪಾದಕಿ ಸ್ವಲ್ಪ ನಕ್ಕ ಹಾಗಾಯಿತು. ಹಾಗಾದರೆ ಮೊದಲ ಪುಟದಲ್ಲೇ ಅದರ ಅರ್ಥ ಹೇಳಿಬಿಡಿ ಎಂದರು. ಅದಕ್ಕೂ ಇವಳು ಒಪ್ಪಲಿಲ್ಲ. ಹುಡುಗಿಗೆ ಕೊನೆಯಲ್ಲಿ ತಿಳಿಯುವುದು ಓದುಗರಿಗೂ ಕೊನೆಯಲ್ಲೇ ತಿಳಿಯಬೇಕು ಎಂದಳು. ದನಿ ಏರಿಸಲಿಲ್ಲ. ತರಗತಿಯಲ್ಲಿ ಲೆಕ್ಕದ ಮೂರನೆಯ ಸಾಲು ಬಿಟ್ಟು ನಾಲ್ಕಕ್ಕೆ ಹಾರಿದ ಮಕ್ಕಳ ಜೊತೆ ಅವಳು ಮಾತಾಡುವುದು ಹೀಗೆಯೇ. ಸಂಪಾದಕಿ ಎರಡು ದಿನ ಸಮಯ ಕೇಳಿದರು.

ಮರಳಿ ಹೋಗುವ ಆಟೋಗಾಗಿ ಸೇತುವೆಯ ಕಟ್ಟೆಯ ಮೇಲೆ ಕೂತೆವು. ಕೆಳಗೆ ಮರಳು, ಜಾಲಿ, ಒಂದು ಕಡೆ ಹಸಿ ಕಲೆ. ಬೇಡ ಎಂದರೆ ಏನು ಮಾಡುತ್ತೀ ಎಂದು ಕೇಳಿದೆ. ಬೇರೆಯವರಿಗೆ ಕಳಿಸುತ್ತೇನೆ, ಹೆಸರು ಇದೇ ಎಂದಳು.

ಸಂಪಾದಕಿ ಬೇಡ ಎನ್ನಲಿಲ್ಲ. ನದಿ ಉಳಿಯಿತು. ಬದಲಿಗೆ ಮಿನುವೇಲ್, ಸುರೆಯಾಲ್ ತೆಗೆಯಲು ಹೇಳಿದರು. ಅವನ್ನು ಇವಳು ಸಂತೋಷದಿಂದಲೇ ಬಿಟ್ಟುಕೊಟ್ಟಳು. ಕರಡಚ್ಚು ಬಂದಾಗ ಓದುವ ಕೆಲಸ ನನಗೆ ಬಂತು. ಒಂದು ಪುಟದಲ್ಲಿ ಯಾರೋ ಎಚ್ಚರದ ಕರಡು ತಿದ್ದುವವರು ನಡುವಿನ ‘ವಾರೆ’ಗೆ ಗೆರೆ ಹೊಡೆದಿದ್ದರು. ಕೆಳಗೆ ಚುಕ್ಕಿಗಳನ್ನಿಟ್ಟು, ಅಂಚಿನಲ್ಲಿ ‘ಇದ್ದಂತೆಯೇ ಇರಲಿ’ ಎಂದು ಬರೆದೆ.

ಪುಸ್ತಕ ಮನೆಗೆ ಬಂದ ದಿನ ಅವ್ವ ಕನ್ನಡಕ ಏರಿಸಿಕೊಂಡು ಒಳಗಿನ ನಕ್ಷೆಯನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಳು. ಎಲ್ಫ್‌ಗಳು ಬಂದ ದಾರಿಯ ಮೇಲೆ ಬೆರಳು ಇಟ್ಟು ಸರಿಸುತ್ತ ಹೋದಳು. ಸೆರು ದಾಟಿದಳು, ತಿತಿಲಿ ದಾಟಿದಳು, ಬೆರಳು ನೀಲಿ ಗೆರೆಯ ಹತ್ತಿರ ನಿಂತಿತು. ಆ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅರ್ಥ ಕೇಳುತ್ತಾಳೆ ಎಂದು ನಾನು ಕಾದೆ.

“ಮಕ್ಕಳು ಮರಿ ಕಟಗೊಂಡು ಬಂದಾರ,” ಎಂದಳು ಅವ್ವ. “ಈ ನೀಮುವಾರೆಲಿಸಿಗೆ ಮಳಿಗಾಲದಾಗ ನೀರು ಬಂದ್ರ ಹೆಂಗ ದಾಟತಾರವಾ?”

ನನ್ನ ಹೆಂಡತಿ ಉತ್ತರಪತ್ರಿಕೆಗಳಿಂದ ತಲೆ ಎತ್ತಿದಳು.

“ದಾಟತಾರ್ರಿ ಅತ್ತಿ,” ಎಂದಳು. “ಓದ್ರಿ ಮುಂದ.”