ಕಾಲು ಕಾಣುವ ಫೋಟೊ

ನಮ್ಮ ಮನೆಗೆ ಕ್ಯಾಮೆರಾ ಬಂದದ್ದು ಮಗಳ ಮೊದಲ ಹುಟ್ಟುಹಬ್ಬಕ್ಕೆ. ಮನೆ ಮಾಲಕಿಯ ಮಗ ಹಡಗಿನಲ್ಲಿ ಕೆಲಸ ಮಾಡುವವನು. ಹೊಸದು ತಂದುಕೊಂಡು ಹಳೆಯದನ್ನು ನನ್ನ ಗಂಡನಿಗೆ ದಾಟಿಸಿದ. ಹುಟ್ಟುಹಬ್ಬ ಮುಗಿಯಿತು, ಕ್ಯಾಮೆರಾ ಕಪಾಟಿನ ಮೇಲೆ ಹೋಳಿಗೆ ಪಾತ್ರೆಗಳ ಪಕ್ಕ ಕೂತಿತು. ಎರಡು ವರ್ಷ ಧೂಳು ಹಿಡಿಯಿತು. ವಾಸ್ಕೋದ ನಮ್ಮ ಸಡಾದಲ್ಲಿ ಧೂಳಿಗೇನು ಬರವೇ? ಗುಡ್ಡದ ಕೆಳಗೇ ಕಲ್ಲಿದ್ದಲು ಇಳಿಸುವ ಬಂದರು. ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ಒಂದು ಮುಂಜಾನೆ ಗಂಡ ಬಂದರಿಗೆ ಕೆಲಸಕ್ಕೆ ಹೋದ ಮೇಲೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕಿಟಕಿಯ ಬಿಸಿಲು ಅದರ ಹೊಗೆಯ ಮೇಲೆ ಬಿದ್ದಿತ್ತು. ಯಾಕೋ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಕ್ಯಾಮೆರಾ ಇಳಿಸಿದೆ. ಫೋಟೊ ಮಸಿಮಸಿಯಾಗಿ ಬಂತು, ರೊಟ್ಟಿಯೂ ಸುಟ್ಟಿತು. ಆದರೆ ನನಗೆ ಹುಚ್ಚು ಹಿಡಿದದ್ದು ಆವತ್ತೇ.

ಕಲಿಸುವವರು ಯಾರೂ ಇರಲಿಲ್ಲ. ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ರೊಟ್ಟಿ ಬಡಿಯುತ್ತ ಹಿಂದಿ ವಿಡಿಯೋ ನೋಡಿ ಕಲಿತೆ. ನನ್ನ ಹಿಂದಿ ಆಗ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಮಾತ್ರ. ಆ ಹುಡುಗ ವಿಡಿಯೋದಲ್ಲಿ ಏನೋ ಹೇಳುತ್ತಿದ್ದ, ನಾನು ಹಿಟ್ಟಿನ ಕೈಯಲ್ಲಿ ಫೋನು ನಿಲ್ಲಿಸಿ ಮತ್ತೆ ಕೇಳುತ್ತಿದ್ದೆ. ಅಷ್ಟರಲ್ಲಿ ಎರಡನೆಯ ಕೂಸೂ ಬಂತು. ಮಹಾನವಮಿಯ ಪೂಜೆಯಲ್ಲಿ ಮಗಳು ಭಕ್ತಿಯಿಂದ ಲೆನ್ಸಿನ ಗಾಜಿನ ನಡುವಿಗೇ ಕುಂಕುಮ ಹಚ್ಚಿದಳು. ಆ ವಾರದ ನನ್ನ ಫೋಟೊಗಳಲ್ಲೆಲ್ಲ ಕೆಂಪು ಚಂದ್ರ.

ಕಲಿಕೆಗೆ ಒಂದು ಮುಖ ಬೇಕಲ್ಲ? ಮಕ್ಕಳು ಒಂದು ಕಡೆ ನಿಲ್ಲುವುದಿಲ್ಲ. ಮನೆಯಲ್ಲಿ ಉಳಿದವರು ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅವರು ಯಾವ ಫೋಟೊದಲ್ಲೂ ನಿಂತವರಲ್ಲ. ಬೆಳಕು ನೋಡಲು ಕಿಟಕಿ ಪಕ್ಕ ಕೂರಿ ಎಂದರೆ ಸೊಪ್ಪು ಸೋಸುತ್ತ ಕೂರುತ್ತಿದ್ದರು. ಕರಾರು ಒಂದೇ, ತೆಗೆದದ್ದನ್ನು ಅವರೆದುರಿಗೇ ಅಳಿಸಬೇಕು. ಅಳಿಸುವ ಮುಂಚೆ ಕನ್ನಡಕ ಏರಿಸಿ ಒಮ್ಮೆ ನೋಡುವರು, ಪ್ರತಿ ಸಲ ಅದೇ ತಕರಾರು.

"ಅಲ್ಲವಾ, ಅರ್ಧಾ ಮನಷ್ಯಾರನ್ನ ತಗೀತಿಯಲ್ಲ. ಕಾಲು ಎಲ್ಲಿ?"

"ಖೋಲಿ ಸಣ್ಣದೈತ್ರಿ ಅತ್ತಿ. ಹಿಂದ ಸರಿಯಾಕ ಜಾಗಾ ಇಲ್ಲ."

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ."

ನನಗೆ ರೇಗುತ್ತಿತ್ತು. ಮುಖದ ಭಾವ, ಕಣ್ಣಿನ ಹೊಳಪು ಅಂತ ನಾನು ವಿಡಿಯೋ ನೋಡಿ ಸಾಯುತ್ತಿದ್ದರೆ ಇವರಿಗೆ ಕಾಲು ಬೇಕು! ಮಾತು ನುಂಗಿ, ಫೋಟೊ ಅಳಿಸಿ, ಕೂಸಿಗೆ ಹಾಲು ಕುಡಿಸಲು ಹೋಗುತ್ತಿದ್ದೆ.

ಫೋನಿನಲ್ಲಿ ನನ್ನ ಹೆಸರಿನ ಮುಂದೆ ಫೋಟೊಗ್ರಾಫರ್ ಎಂದು ಬರೆದುಕೊಂಡಾಗ ಕೈಯಲ್ಲಿ ಒಂದೂ ಕೆಲಸ ಇರಲಿಲ್ಲ. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗಾತು," ಎಂದು ಗಂಡ ನಕ್ಕ. ನಾನು ಮಾಲಕಿಯ ಮೊಮ್ಮಗನ ಫೋಟೊ ತೆಗೆದೆ, ಓಣಿಯ ಮಕ್ಕಳದು ತೆಗೆದೆ. ಎಲ್ಲ ಪುಕ್ಕಟೆ. ಮಾಲಕಿ "ಬರೇಂ ಆಸಾ", ಚೆನ್ನಾಗಿದೆ, ಎಂದು ಕೊಂಕಣಿಯಲ್ಲಿ ಹೇಳಿ ಒಂದು ತೆಂಗಿನಕಾಯಿ ಕೊಟ್ಟಳು.

ಮೊದಲ ಖರೇ ಕೆಲಸ ಬಂದದ್ದು ಕೆಳಗಿನ ಓಣಿಯಿಂದ, ಒಬ್ಬ ಬಸುರಿಯ ಸೀಮಂತದ ಕುಬಸಕ್ಕೆ. ಹೆಂಗಸರೇ ತುಂಬಿದ ಖೋಲಿಗೆ ಗಂಡಸು ಫೋಟೊದವನು ಬಂದರೆ ಎಲ್ಲರೂ ಸೆಟೆದು ಕೂರುತ್ತಾರೆ, ಅದಕ್ಕೇ ನಾನು. ಆ ಹುಡುಗಿಯ ತಾಯಿ ಊರಲ್ಲಿ ಬಿದ್ದು ತೊಡೆ ಮೂಳೆ ಮುರಿದುಕೊಂಡು ಮಲಗಿದ್ದಳು. ತಾನೇ ನಿಂತು ಮಾಡಬೇಕಾದ ಮಗಳ ಕುಬಸಕ್ಕೆ ಬರಲಾಗಿರಲಿಲ್ಲ.

"ಆರತಿ ಮಾಡೂದೊಂದು ಫೋಟೊ ಚಲೋ ತಗೀರಿ ಅಕ್ಕಾ," ಎಂದಳು ಹುಡುಗಿ. "ಅವ್ವಗ ಕಳಸಬೇಕು. ಉಳಿದದ್ದು ಹೆಂಗ ಬಂದ್ರೂ ನಡೀತೈತಿ."

ಆ ಒಂದು ಫೋಟೊ ಕೆಟ್ಟರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಸಡಾದಲ್ಲಿ ಮಾತು ನೀರಿನ ಟ್ಯಾಂಕರಿಗಿಂತ ಮೊದಲು ಮನೆಮನೆ ಮುಟ್ಟುತ್ತದೆ. ಮತ್ತೆ ನನ್ನನ್ನು ಕರೆಯುವವರು ಯಾರೂ ಇರುತ್ತಿರಲಿಲ್ಲ.

ಕೂಸು ಇನ್ನೂ ಮೊಲೆ ಬಿಟ್ಟಿರಲಿಲ್ಲವಾದ್ದರಿಂದ ಅದನ್ನು ಎತ್ತಿಕೊಂಡು ಅತ್ತೆಯೂ ಬಂದರು. ಬಂದವರೇ ಎಲ್ಲರ ಹಿಂದೆ, ಅಡಿಗೆಮನೆ ಹೊಸ್ತಿಲ ಹತ್ತಿರ ಗೋಡೆಗೆ ಆತು ಕೂತರು. ಗಂಡ ಸತ್ತವರು ಇಂಥ ಕಡೆ ಎಲ್ಲಿ ಕೂರಬೇಕೆಂದು ಯಾರೂ ಹೇಳಿಕೊಡುವುದಿಲ್ಲ, ಅವರಿಗೇ ಗೊತ್ತಿರುತ್ತದೆ.

ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಹುಡುಗಿ ಮಣೆಯ ಮೇಲೆ ಕೂತಳು. ಉಡಿ ತುಂಬಿದ್ದಾಯಿತು, ನಾನು ತೆಗೆದದ್ದೇ ತೆಗೆದದ್ದು. ಆರತಿಗೆ ಐದು ಮುತ್ತೈದೆಯರು ಬೇಕು. ಎಣಿಸಿದರೆ ನಾಲ್ಕು. ಐದನೆಯವಳು ಮಡಗಾಂವ್‌ ಕಡೆಯ ಮೋತಿ ಡೊಂಗರಿನಿಂದ ಬರಬೇಕಿತ್ತು, ಬಸ್ಸು ತಪ್ಪಿತ್ತು. ಉಳಿದವರಲ್ಲಿ ಇಬ್ಬರು ಲಗ್ನವಾಗದ ಹುಡುಗಿಯರು, ಮೂವರು ನಮ್ಮ ಅತ್ತೆಯಂತೆ ಗಂಡ ಸತ್ತವರು. ಹುಡುಗಿಯ ಅತ್ತೆಯ ಕಣ್ಣು ಖೋಲಿಯೆಲ್ಲ ಸುತ್ತಿ ನನ್ನ ಹಣೆಯ ಕುಂಕುಮದ ಮೇಲೆ ನಿಂತಿತು.

"ಇಕಿ ಅದಾಳಲ್ಲ!"

"ನಾ ಫೋಟೊ ತಗೀಬೇಕ್ರಿ!"

"ಮುತ್ತೈದಿ ಆಗಿ ಆರತಿಗೆ ಒಲ್ಲೆ ಅಂತಾರೇನವಾ?"

ಅನ್ನುವುದಿಲ್ಲ. ಅಂದರೆ ಹೊಟ್ಟೆಯೊಳಗಿನ ಕೂಸಿಗೆ ಕೇಡು ಬಯಸಿದಂತೆ. "ಎರಡು ಸಲ ಎತ್ತೂಣೇನ್ರಿ?" ಎಂದು ಕೇಳಿದೆ. ಒಮ್ಮೆ ಎತ್ತಿದ ಆರತಿ ಮತ್ತೆ ಎತ್ತಬಾರದಂತೆ. ಫೋನುಗಳೇನೋ ಇದ್ದವು. ಆದರೆ ಆ ಕತ್ತಲ ಖೋಲಿಯಲ್ಲಿ ಫೋನಿನ ಫೋಟೊದಲ್ಲಿ ಮುಖಗಳು ಮಸಿಯಾಗುತ್ತವೆ ಎಂದೇ ನನ್ನನ್ನು ಕರೆದದ್ದು. ಕ್ಯಾಮೆರಾವನ್ನು ಬೆಳಕಿಗೆ ಸರಿಮಾಡಿ ನೆಟ್ಟಗೆ ಹೊಸ್ತಿಲ ಹತ್ತಿರ ಹೋದೆ.

"ಅತ್ತಿ, ಹಿಡೀರಿ. ಈ ಗುಂಡಿ ಒತ್ತಿದ್ರ ಸಾಕು."

"ನಾನಾ? ಇಂಥಾದ್ರಾಗ ನಾ ಕೈ ಹಾಕಬಾರದವಾ."

"ಆರತಿಗೆ ಹಾಕಬ್ಯಾಡ್ರಿ. ಗುಂಡಿಗೆ ಹಾಕ್ರಿ!"

ಅವರು ಕೂಸನ್ನು ಪಕ್ಕದವಳ ತೊಡೆಯ ಮೇಲೆ ಹಾಕಿ ಕನ್ನಡಕ ಏರಿಸಿದರು. ನಾನು ತಟ್ಟೆ ಹಿಡಿದು ಹಾಡು ಹೇಳಿದೆ, ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಟಕ್, ಟಕ್ ಎನ್ನುವುದು ಮಾತ್ರ ಕೇಳಿತು.

ಮನೆಗೆ ಬಂದು ಒಂದೊಂದೇ ನೋಡಿದೆ. ಮೊದಲನೆಯದರಲ್ಲಿ ಬರೀ ಫ್ಯಾನು. ಎರಡನೆಯದರಲ್ಲಿ ಯಾರದೋ ಜಡೆ. ಹೀಗೇ ಐದಾರು. ಆಮೇಲೆ ಬಂತು. ನಾವು ಐದೂ ಜನ, ಐದು ದೀಪದ ಬೆಳಕು ಬಿದ್ದ ಹುಡುಗಿಯ ಮುಖ, ಉಡಿ, ಬಳೆ, ಮಣೆ, ಮಣೆಯ ಮುಂದೆ ಚಾಚಿದ ಅರಿಷಿಣದ ಕಾಲು. ನಾನು ಹುಡುಗಿಯ ಮೂಗಿಗೆ ಮೂಗು ತಾಗಿಸಿ ತೆಗೆದ ಫೋಟೊಗಳಲ್ಲಿ ಕುಬಸವೇ ಇರಲಿಲ್ಲ. ಎಲ್ಲರಿಗಿಂತ ಹಿಂದೆ ಕೂತವರಿಗೆ ಪೂರಾ ಕಂಡಿತ್ತು. ಖುಷಿಯ ಜೊತೆಗೆ ಸಿಟ್ಟೂ ಬಂತು, ಅವರು ಅಷ್ಟು ಹಿಂದೆ ಕೂತದ್ದರ ಮೇಲೆ.

ಇದು ನಾನು ತೆಗೆದದ್ದಲ್ಲ, ನಮ್ಮ ಅತ್ತೆ ತೆಗೆದದ್ದು ಎಂದು ಹೇಳಿಯೇ ಹುಡುಗಿಗೆ ಕಳಿಸಿದೆ. ಮರುದಿನ ಊರಿಂದ ಅವಳ ತಾಯಿಯ ಫೋನು ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ, ಫೋನು ಡಬ್ಬಿಗೆ ಆನಿಸಿಟ್ಟಿದ್ದೆ, ಮಾತು ಮನೆಗೆಲ್ಲ ಕೇಳುತ್ತಿತ್ತು.

"ಮಾರಿ ದಿನಾ ವಿಡಿಯೋದಾಗ ನೋಡತೇನವಾ. ನಕ್ಕೋಂತ, ಆರಾಮ ಅದೇನಿ ಅಂತಾಳ. ಕಾಲು ನಿನ್ನಿನ ನೋಡಿದ್ದು. ಇಷ್ಟು ಬಾತಾವಂತ ಹೇಳೇ ಇಲ್ಲ ನನಗ." ಆಕೆ ಅಳುತ್ತಿದ್ದಳು. "ಇವತ್ತ ಡಾಕ್ಟರ ಕಡೆ ಹೋಗು ಅಂತ ಬೈದೇನಿ."

ಹುಡುಗಿ ಹೋದಳು. ಬಿಪಿ ಏರಿತ್ತಂತೆ. ಡಾಕ್ಟರು ಗುಳಿಗೆ ಕೊಟ್ಟು, ಮಲಗಿಯೇ ಇರಬೇಕೆಂದು ತಾಕೀತು ಮಾಡಿದರು. ಮುಂದೆ ಹೆರಿಗೆ ಸುಸೂತ್ರವಾಯಿತು, ಹೆಸರಿಡುವ ಕಾರ್ಯಕ್ಕೂ ನನ್ನನ್ನೇ ಕರೆದರು. ಈಗ ವಾಸ್ಕೋದಿಂದ ಮಡಗಾಂವ್‌ವರೆಗೆ ಕುಬಸಕ್ಕೆ ಹೋಗುತ್ತೇನೆ. ಕೆಲಸ ಒಪ್ಪಿಕೊಳ್ಳುವ ಮುಂಚೆ ಕೇಳುವ ಮೊದಲ ಪ್ರಶ್ನೆ, "ಮುತ್ತೈದ್ಯಾರು ಐದು ಮಂದಿ ಅದಾರಲ್ರಿ?"

ಆ ಫೋನು ಬಂದ ದಿನ ಅತ್ತೆ ಕಾಲು ಎಲ್ಲಿ ಎಂದು ಕೆಣಕಲಿಲ್ಲ. ಎರಡು ದಿನ ಬಿಟ್ಟು, ಮಿಂದು, ಇಸ್ತ್ರಿಯ ಸೀರೆ ಉಟ್ಟು ಬಂದು ಕಿಟಕಿ ಪಕ್ಕ ಕೂತರು. ಕೈಯಲ್ಲಿ ಸೊಪ್ಪು ಇರಲಿಲ್ಲ.

"ನಂದೊಂದು ತಗಿ. ಊರಾಗ ನಮ್ಮಕ್ಕ ಅದಾಳ. ನೋಡಲಿ."

ಹಿಂದೆ ಸರಿದೆ, ಬೆನ್ನಿಗೆ ಗೋಡೆ ತಾಗಿತು. ಮೊಣಕಾಲವರೆಗೆ ಮಾತ್ರ ಕಾಣುತ್ತಿತ್ತು. ಆಗ ಬಾಗಿಲು ಪೂರಾ ತೆಗೆದು, ಮೆಟ್ಟಿಲು ಇಳಿದು, ಓಣಿಯ ಬಿಸಿಲಿನಲ್ಲಿ ನಿಂತೆ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲವೋ. ಬಾಗಿಲ ಚೌಕಟ್ಟಿನೊಳಗೆ ನಮ್ಮತ್ತೆ ತಲೆಯಿಂದ ಕಾಲಿನವರೆಗೆ ಕೂತಿದ್ದರು, ಒಡೆದ ಹಿಮ್ಮಡಿಯೂ ಕಂಡಿತು.

ಒಳಗೆ ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ರೂಢಿಯಂತೆ ನನ್ನ ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಇದು ಇರಲಿ."