ಜಬ್ಬಾರ್, ಕಾರು ನಿನ್ನ ಬೀದಿಯಲ್ಲೇ ನಿಂತಿದೆ

ಜಬ್ಬಾರ್ ಹೋಗಿಬಿಟ್ಟ ಅಂತ ಬೆಳಗ್ಗೆ ಫೋನ್ ಬಂದಾಗ ಮೂರು ಸಲ ಕೇಳಿದೆ...
ಯಾವ ಜಬ್ಬಾರ್?
ಕುಣಿಗಲ್‌ನಲ್ಲಿ ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ.
ಬೇರೆ ಯಾರೋ ಇರಬೇಕು ಅಂದುಕೊಂಡೆ...
ಹಾಗೆ ಅಂದುಕೊಳ್ಳುವುದು ತಪ್ಪು ಅಂತ ಗೊತ್ತಿದ್ದೂ.

ಮೊನ್ನೆಯಷ್ಟೇ ಮಾತಾಡಿದ್ದ. "ಆಯಿಲ್ ನೋಡಿದ್ರಾ ಅಣ್ಣ?"
ನೋಡಿದೀನಿ ಅಂತ ಸುಳ್ಳು ಹೇಳಿದ್ದೆ.

ಗೆಳೆಯರೇ,
ನನ್ನ ಪ್ರೊಫೈಲ್ ಫೋಟೋದಲ್ಲಿ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಮೇಲೆ ಒಂದು ಕೈ ಕಾಣುತ್ತದಲ್ಲ...
ಅದು ಅವನ ಕೈ. ಕುಣಿಗಲ್‌ನವನು, ತುಮಕೂರಿನಲ್ಲಿ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ಜಬ್ಬಾರ್.
ಮಿಕ್ಕವನನ್ನು ಫೋಟೋದಿಂದ ಕತ್ತರಿಸಿದವನು ನಾನೇ.
ಕಾರು ಚೆನ್ನಾಗಿ ಕಾಣಲಿ ಅಂತ...

ತೊಂಬತ್ತರ ದಶಕದ ಕೊನೆ. ಗುಬ್ಬಿಯಲ್ಲಿ ನನ್ನ ಕೊಬ್ಬರಿ ವ್ಯಾಪಾರ ಆಗಷ್ಟೇ ಕುದುರಿತ್ತು.
ತಳ್ಳುಗಾಡಿಯಿಂದ ಶುರು ಮಾಡಿದವನು ಊರಿಗೆ ಏನಾದರೂ ತೋರಿಸಬೇಕಲ್ಲ.
ಬೆಂಗಳೂರಿನಲ್ಲಿ ಯಾರೋ ಒಬ್ಬರು ಹಳೇ ಜಪಾನ್ ಕಾರು ಮಾರುತ್ತಿದ್ದರು. ರೋಟರಿ ಇಂಜಿನ್.
ನನಗೆ ಗೊತ್ತಿರುವುದು ಕೊಬ್ಬರಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತೇನೆ.
ಇಂಜಿನ್ನು ಅಲ್ಲಾಡಿಸಿ ನೋಡುವಂಥದ್ದಲ್ಲ...
ಜಬ್ಬಾರ್‌ನನ್ನು ಕರೆದುಕೊಂಡು ಹೋದೆ.

"ಇದರಲ್ಲಿ ಪಿಸ್ಟನ್ ಇಲ್ಲ ಅಣ್ಣ. ಮೂರು ಮೂಲೆದು ಒಂದು ಒಳಗೆ ಸುತ್ತುತ್ತೆ, ಹಿಟ್ಟು ರುಬ್ಬೋ ಗ್ರೈಂಡರ್ ಥರ."
"ತಗೋಬೌದಾ?"
"ತಗೋಬೌದು. ಪೆಟ್ರೋಲೂ ಕುಡಿಯುತ್ತೆ, ಆಯಿಲೂ ಕುಡಿಯುತ್ತೆ. ಅದು ಕಾಯಿಲೆ ಅಲ್ಲ, ಹಸಿವು. ಹಾಕ್ತಾ ಇರ್ಬೇಕು."
"ಇದೇನ್ ಕಾರೋ, ಮನೆ ಅಳಿಯನೋ?"
"ಅಳಿಯ ಇಷ್ಟು ಜೋರಾಗಿ ಓಡಲ್ಲ ಬಿಡಿ ಅಣ್ಣ."

ತಗೊಂಡೆ.

ಆ ವರ್ಷದ ಆಯುಧಪೂಜೆ...
ಕಾರಿಗೆ ಹಾರ, ಬೂದುಗುಂಬಳಕಾಯಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು.
ಸ್ಟಾರ್ಟ್ ಮಾಡಿದೆ. ನಿಂಬೆಹಣ್ಣಿನ ಮೇಲೆ ಹತ್ತಿಸಿದೆ. ಎರಡು ಅಡಿ ಮುಂದೆ ನಿಲ್ಲಿಸಿ ಆಫ್ ಮಾಡಿದೆ.
ಎಲ್ಲರೂ ಮಾಡುವುದೇ.
ಮಾರನೇ ದಿನ ವಿಜಯದಶಮಿ, ಹೊಸ ಬಟ್ಟೆ ಹಾಕಿಕೊಂಡು ಹೊರಟರೆ... ಕಾರು ಸ್ಟಾರ್ಟ್ ಆಗಲೇ ಇಲ್ಲ.
ಬೀದಿಗೆ ಬೀದಿಯೇ ನೋಡುತ್ತಿತ್ತು.

ಬಸ್ ಹತ್ತಿ ಸೀದಾ ಅವನ ಗ್ಯಾರೇಜ್‌ಗೆ ಹೋದೆ.
ಗಿರಾಕಿಗಳಿದ್ದರು, ಅವನ ಕೆಲಸದವರಿದ್ದರು.
"ಕಮಿಷನ್ ಎಷ್ಟ್ ತಿಂದ್ಯೋ ಜಬ್ಬಾರ್, ಈ ಗುಜರಿ ನನ್ ತಲೆಗೆ ಕಟ್ಟೋಕೆ?"
ಎಲ್ಲರ ಕೈಯೂ ನಿಂತುಹೋಯಿತು.
ಅವನು ಕೈ ಒರೆಸಿಕೊಂಡ.
"ನಿನ್ನೆ ಪೂಜೆ ಆದ್ಮೇಲೆ ಎಷ್ಟು ದೂರ ಓಡಿಸಿದ್ರಿ?"
"ಎಲ್ಲಿ ಓಡ್ಸೋದು? ನಿಂಬೆಹಣ್ಣು ಹತ್ತಿಸಿ ನಿಲ್ಸಿದೆ."
"ಅದೇ ಆಗಿರೋದು. ತಣ್ಣಗಿರೋ ಇಂಜಿನ್ನ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಿದ್ರೆ ಪೆಟ್ರೋಲ್ ಒಳಗೇ ನಿಂತು ಪ್ಲಗ್ ನೆನೆದು ಹೋಗುತ್ತೆ. ನಮ್ಮ ಕುಣಿಗಲ್ ಕುದುರೆ ಹಂಗೇ ಅಣ್ಣ. ಲಾಯದಿಂದ ಎರಡು ಹೆಜ್ಜೆ ಆಚೆ ತಂದು ವಾಪಸ್ ಕಟ್ಟಿದ್ರೆ ಮುನಿಸ್ಕೊಳ್ತದೆ."

ನನ್ನ ಜೊತೆಯಲ್ಲೇ ಗುಬ್ಬಿಗೆ ಬಂದ. ಪ್ಲಗ್ ಬಿಚ್ಚಿ ಒಣಗಿಸಿದ. ಕಾರು ಸ್ಟಾರ್ಟ್ ಆಯಿತು.
ನಾನು ಮಾತ್ರ ಆಡಿದ ಮಾತು ವಾಪಸ್ ತಗೊಳ್ಳಲಿಲ್ಲ.
ವ್ಯಾಪಾರಸ್ಥ... ಕೊಟ್ಟ ಮಾಲು ವಾಪಸ್ ತಗೊಂಡು ಅಭ್ಯಾಸ ಇಲ್ಲ.

ಆಮೇಲೆ ಪ್ರತಿ ಆಯುಧಪೂಜೆಗೂ ಬೆಳಗ್ಗೆಯೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ.
ನಿಂಬೆಹಣ್ಣು ಹತ್ತಿಸಿದ ಮೇಲೆ ಆಫ್ ಮಾಡುವ ಹಾಗಿಲ್ಲ. ಸೀದಾ ತುಮಕೂರು ದಾಟಿ ಕ್ಯಾತ್ಸಂದ್ರ. ತಟ್ಟೆ ಇಡ್ಲಿ ತಿಂದು ವಾಪಸ್.
ಹತ್ತು ವರ್ಷ, ಒಂದು ಸಲವೂ ತಪ್ಪಿಸಲಿಲ್ಲ.

ಜಬ್ಬಾರ್...
ನೀನು ಇಡ್ಲಿ ಆಸೆಗೆ ಬರ್ತೀಯ ಅಂತ ಊರೆಲ್ಲ ಹೇಳಿಕೊಂಡು ನಕ್ಕಿದ್ದೆ. ನೀನೂ ನಕ್ಕಿದ್ದೆ.
ಇವತ್ತು ನಿಮ್ಮ ಮನೆ ಮುಂದೆ ಶಾಮಿಯಾನದ ಕೆಳಗೆ ಕೂತಾಗ ನಿನ್ನ ತಮ್ಮ ಹೇಳಿದ...
"ಇನ್ನೊಂದ್ಸಲ ಆ ಕಮಿಷನ್ ಮಾತು ಬರ್ಬಾರ್ದು ಅಂತ ಹೋಗ್ತಿದ್ದ ಅಣ್ಣ. ನೀವು ಬೈದ್ರಲ್ಲ, ಅವತ್ತು ಊಟಾನೇ ಮಾಡಿರ್ಲಿಲ್ಲ."
ಕೋಪದಿಂದ ಹೇಳಲಿಲ್ಲ ಕಣೋ. ನನ್ನ ಕೈಗೆ ನೀರಿನ ಲೋಟ ಕೊಡುತ್ತಾ ಹೇಳಿದ.
ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು...

ಕಾರಿನಲ್ಲೇ ಬಂದಿದ್ದೆ. ನಿನ್ನ ಬಾಗಿಲಿಗೆ ಒಂದು ಸಲ ಬಂದು ಹೋಗಲಿ ಅಂತ.
ಬೆಳಗಿನಿಂದ ನಿಮ್ಮ ಬೀದಿಯಲ್ಲಿ ನಿಂತು ಇಂಜಿನ್ ಪೂರ್ತಿ ತಣ್ಣಗಾಗಿತ್ತು.
ನಿನ್ನನ್ನು ಹೊತ್ತುಕೊಂಡು ಹೊರಡುವ ಹೊತ್ತಿಗೆ ಯಾರೋ ಬಂದು ಹೇಳಿದರು, "ಅಣ್ಣ, ಗಾಡಿ ಸ್ವಲ್ಪ ಮುಂದಕ್ಕೆ ತಗೊಳ್ಳಿ, ದಾರಿ ಬೇಕು."
ಸ್ಟಾರ್ಟ್ ಮಾಡಿದೆ. ಎರಡು ಮಾರು ಮುಂದೆ ತಂದೆ. ಆಫ್ ಮಾಡಿ ಇಳಿದು ಬಂದು ನಿನಗೆ ಹೆಗಲು ಕೊಟ್ಟೆ.

ಮಣ್ಣು ಕೊಟ್ಟು ವಾಪಸ್ ಬಂದು ಕೀ ತಿರುಗಿಸಿದೆ...
ಇಲ್ಲ.
ಮತ್ತೆ ತಿರುಗಿಸಿದೆ. ಇಲ್ಲ.

ನಿಮ್ಮ ಬೀದಿಯವರು ಸುತ್ತ ಸೇರಿದರು. "ಗಾಡೀಗೇನಾಯ್ತು?"
"ಗಾಡೀಗೇನೂ ಆಗಿಲ್ಲ," ಅಂದೆ. "ತಪ್ಪು ನನ್ದು."
ಹತ್ತು ವರ್ಷದ ಹಿಂದೆ ನಿನ್ನ ಗ್ಯಾರೇಜಿನಲ್ಲಿ ಹೇಳಬೇಕಾಗಿದ್ದ ಮಾತು ಅದು.
ಬೈದದ್ದು ನಾಲ್ಕು ಜನರ ಮುಂದೆ, ಆದ್ದರಿಂದ ಇದನ್ನೂ ಎಲ್ಲರೂ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ...
ಜಬ್ಬಾರ್ ಕಮಿಷನ್ ತಿಂದಿರಲಿಲ್ಲ. ಒಂದು ಪೈಸೆಯೂ ಇಲ್ಲ.
ಕತ್ತರಿಸದ ಫೋಟೋ ಕೆಳಗಿದೆ. ನಗುತ್ತಿರುವವನು ಅವನು.

ಬಸ್ಸಿನಲ್ಲಿ ಮನೆಗೆ ಬಂದೆ. ಕಾರು ನಿನ್ನ ಬೀದಿಯಲ್ಲೇ ಇದೆ.
ನಾಳೆ ಬಂದು ಪ್ಲಗ್ ನಾನೇ ಬಿಚ್ಚಿ ಒಣಗಿಸುತ್ತೇನೆ...
ನೀನು ಏಳಬೇಡ.

ನಿನ್ನ ಜೀವ ತಣ್ಣಗಿರಲಿ, ಜಬ್ಬಾರ್.
ಖುದಾ ನಿನ್ನನ್ನು ನನಗಿಂತ ಚೆನ್ನಾಗಿ ನಡೆಸಿಕೊಳ್ಳಲಿ...